ಕೈಯಿಂದ ಕಳಿಸಿದ ಮೋರ್ಸ್ ಅನ್ನು ಡಿಕೋಡರ್ ಯಾಕೆ ತಪ್ಪಾಗಿ ಓದುತ್ತದೆ?

ಮೋರ್ಸ್ ಅಂದರೆ ಅಕ್ಷರಗಳನ್ನು ಚುಕ್ಕಿ ಗೆರೆಗಳಾಗಿ ಕಳಿಸುವ ಸಂಕೇತ, ಅದನ್ನು ಮತ್ತೆ ಅಕ್ಷರವಾಗಿಸುವ ಪ್ರೋಗ್ರಾಂ ಡಿಕೋಡರ್. ಎಲೆಕ್ಟ್ರಾನಿಕ್ ಕೀಯರ್‌ನಿಂದ (ಚುಕ್ಕಿ ಗೆರೆಗಳನ್ನು ತಾನೇ ಅಳತೆಯಾಗಿ ಮಾಡುವ ಸಾಧನ) ಬಂದದ್ದನ್ನು ನಿಮ್ಮ ಡಿಕೋಡರ್ ಸರಿಯಾಗಿ ಓದುತ್ತದೆ, ಸ್ಟ್ರೈಟ್ ಕೀಯಿಂದ (ಪ್ರತಿ ಚುಕ್ಕಿ ಗೆರೆಯನ್ನೂ ಕೈಯಿಂದಲೇ ಒತ್ತುವ ಕೀ) ಬಂದರೆ ಕಲಸುಮೇಲೋಗರ ಮಾಡುತ್ತದೆ ಅಂತ ಬರೆದಿದ್ದೀರಿ. ಚುಕ್ಕಿ ಗೆರೆಗಳನ್ನು ಅದು ಗುರುತಿಸುತ್ತಿದೆ ಅಂತಲೂ ಹೇಳಿದ್ದೀರಿ. ಹಾಗಾದರೆ ತೊಂದರೆ ಇರುವುದು ಖಾಲಿ ಜಾಗದಲ್ಲಿ, ಅಂದರೆ ನಡುವಿನ ಬಿಡುವುಗಳಲ್ಲಿ.

ಲೆಕ್ಕದ ಪ್ರಕಾರ ಚುಕ್ಕಿ 1 ಪಾಲು, ಗೆರೆ 3, ಒಂದೇ ಅಕ್ಷರದೊಳಗಿನ ಬಿಡುವು 1, ಅಕ್ಷರಗಳ ನಡುವಿನ ಬಿಡುವು 3, ಪದಗಳ ನಡುವೆ 7. ನಿಮಿಷಕ್ಕೆ 20 ಪದದ ವೇಗದಲ್ಲಿ ಒಂದು ಚುಕ್ಕಿ 60 ಮಿಲಿಸೆಕೆಂಡ್. ಆದರೆ ಮನುಷ್ಯರ ಕೈ ಈ ಲೆಕ್ಕ ಪಾಲಿಸಲ್ಲ, ಅಲ್ವಾ? ರೂಢಿಯಾದ ಪದ ಬಂದಾಗ ಬಿಡುವು ತಾನಾಗಿಯೇ ಕಿರಿದಾಗುತ್ತದೆ. ಇಂಗ್ಲಿಷಿನ 'ದಿ' (the) ಪದವನ್ನೇ ನೋಡಿ. ಟಿ ಒಂದು ಗೆರೆ, ಎಚ್ ನಾಲ್ಕು ಚುಕ್ಕಿ. ನಡುವಿನ ಬಿಡುವು ಸ್ವಲ್ಪ ಕಡಿಮೆಯಾದರೆ ಎರಡೂ ಅಂಟಿಕೊಂಡು 6 ಎಂಬ ಅಂಕಿ ಆಗುತ್ತದೆ. ನಿಮ್ಮ ಪರದೆಯಲ್ಲಿ ಎಲ್ಲೆಂದರಲ್ಲಿ 6 ಕಾಣುತ್ತಿರುವುದು ಬಹುಶಃ ಇದರಿಂದಲೇ. ಎ ಮತ್ತು ಎನ್ ಸೇರಿದರೆ ಪಿ ಆಗುವುದೂ ಹೀಗೇ.

ಚುಕ್ಕಿಯ ಉದ್ದದಿಂದ ಬಿಡುವನ್ನು ಲೆಕ್ಕ ಹಾಕಬೇಡಿ. ಕೀ ಒತ್ತಿದ ಸಮಯ, ಬಿಟ್ಟ ಸಮಯ ಎರಡನ್ನೂ ಬೇರೆ ಬೇರೆ ಅಳೆಯಿರಿ. ಕೊನೆಯ 30-40 ಬಿಡುವುಗಳನ್ನು ಗ್ರಾಫ್‌ನಲ್ಲಿ ಹಾಕಿದರೆ ಸಾಮಾನ್ಯವಾಗಿ ಗಿಡ್ಡ, ಉದ್ದ ಬಿಡುವುಗಳ ಗುಂಪುಗಳು ಕಣ್ಣಿಗೆ ಕಾಣುತ್ತವೆ. ಒಂದು ಬಗೆಯ ಬಿಡುವನ್ನು ಇನ್ನೊಂದರಿಂದ ಬೇರ್ಪಡಿಸುವ ಗಡಿಯನ್ನು ಅವುಗಳ ನಡುವೆ ಇಡಿ, ಕಳಿಸುವವರು ಬದಲಾದಾಗ ಮತ್ತೆ ಹೊಸದಾಗಿ ಲೆಕ್ಕ ಹಾಕಿ. ಗಡಿಯ ಹತ್ತಿರ ಬಿದ್ದ ಬಿಡುವನ್ನು ತಕ್ಷಣ ತೀರ್ಮಾನಿಸದೆ ಎರಡೂ ಓದುಗಳನ್ನು ಇಟ್ಟುಕೊಳ್ಳಿ. ಪೂರ್ತಿ ಪದ ಬಂದ ಮೇಲೆ ಯಾವುದು ಸರಿಹೊಂದುತ್ತದೋ ಅದನ್ನು ಆರಿಸಿ. ಕಿವಿಯಿಂದ ಕೇಳುವ ಆಪರೇಟರ್ ಕೂಡ ಮಾಡುವುದು ಇದನ್ನೇ.