ಗಿಟಾರ್ ನುಡಿಸುವವರು ಮೊದಲ ಸಿಂತ್ ಕೊಳ್ಳುವಾಗ ಯಾವುದನ್ನು ಆರಿಸಬೇಕು?

ನಿಮ್ಮ ಪ್ರಶ್ನೆ ಇಷ್ಟು: ಮಂಡ್ಯದಲ್ಲಿದ್ದೀರಿ, ಕೆಲವು ವರ್ಷದಿಂದ ಎಲೆಕ್ಟ್ರಿಕ್ ಗಿಟಾರ್ ನುಡಿಸ್ತಿದ್ದೀರಿ, ಕೀಬೋರ್ಡ್ ಕಲಿತವರಲ್ಲ. ಮೂವತ್ತು ಸಾವಿರದ ಆಸುಪಾಸಿನಲ್ಲಿ ಒಂದು ಸಿಂತಸೈಜರ್ (ಕರೆಂಟಿನಿಂದಲೇ ಸದ್ದು ಹುಟ್ಟಿಸಿ ಕಟ್ಟುವ ವಾದ್ಯ, ಚಿಕ್ಕದಾಗಿ ಸಿಂತ್) ಬೇಕು. ಗೆಳೆಯರು 61 ಕೀಗಳ ದೊಡ್ಡದನ್ನೇ ತಗೋ ಅಂತಿದ್ದಾರೆ. ಇರುವ ಗಿಟಾರ್ ಆಂಪ್‌ಗೇ ಸಿಕ್ಕಿಸಬಹುದಾ ಅಂತಲೂ ಕೇಳಿದ್ದೀರಿ.

ದೊಡ್ಡದು ಬೇಡ. ಒಂದು ಸಲಕ್ಕೆ ಒಂದೇ ಸ್ವರ ನುಡಿಯುವ, ಮೈತುಂಬ ನಾಬ್‌ಗಳಿರುವ ಚಿಕ್ಕ ಸಿಂತ್ ತಗೊಳ್ಳಿ. ಹೆಸರೇ ಬೇಕೆಂದರೆ ಕೊರ್ಗ್ ಮೊನೊಲಾಗ್. ನಾನು ಮೈಸೂರಲ್ಲಿ ಗಿಟಾರ್ ಪಕ್ಕದಲ್ಲಿ ಇಟ್ಟುಕೊಂಡಿರೋದೂ ಅದನ್ನೇ, ಹಾಗಾಗಿ ಸ್ವಲ್ಪ ಪಕ್ಷಪಾತ ಇದೆ ಅಂತಲೇ ಇಟ್ಕೊಳ್ಳಿ.

ನಮ್ಮ ಕಡೆ ಅಂಗಡಿಗೆ ಹೋಗಿ ಸಿಂತ್ ಅಂದರೆ ಸಾಮಾನ್ಯವಾಗಿ ಯಮಹಾ ಪಿಎಸ್‌ಆರ್ ಕೀಬೋರ್ಡನ್ನೋ ರೋಲ್ಯಾಂಡ್ ಎಕ್ಸ್‌ಪಿಎಸ್-10 ಅನ್ನೋ ಮುಂದಿಡ್ತಾರೆ. ಗಣೇಶನ ಹಬ್ಬದ ಆರ್ಕೆಸ್ಟ್ರಾದವರಿಗೆ ಬೇಕಾಗಿರೋದು ಅಂಥದ್ದೇ. ಒಂದು ಬಟನ್ ಒತ್ತಿದರೆ ಕೊಳಲು, ಇನ್ನೊಂದು ಒತ್ತಿದರೆ ಸ್ಟ್ರಿಂಗ್ಸ್, ಹಾಡು ಬದಲಾದ ಹಾಗೆ ಸೌಂಡೂ ಬದಲಾಗಬೇಕು. ನಾಳೆ ನೀವೂ ಆರ್ಕೆಸ್ಟ್ರಾದಲ್ಲಿ ಕೂರುವ ಹಾಗಿದ್ದರೆ ಗೆಳೆಯರ ಮಾತೇ ಸರಿ, ನನ್ನ ಉತ್ತರವನ್ನು ಇಲ್ಲಿಗೇ ಬಿಟ್ಟುಬಿಡಿ. ಆದರೆ ಅವುಗಳಲ್ಲಿ ಸೌಂಡ್ ಮೊದಲೇ ತಯಾರಾಗಿ ಕೂತಿರುತ್ತೆ, ನಿಮ್ಮ ಕೆಲಸ ಆರಿಸೋದಷ್ಟೇ. ಸೌಂಡನ್ನು ಬುಡದಿಂದ ಕಟ್ಟೋಕೆ ನಾಬ್ ಬೇಕು, ಮೆನು ಅಲ್ಲ.

ಒಂದೇ ಸ್ವರ ಯಾಕೆ ಸಾಕು? ಹಲವು ಸ್ವರ ಒಟ್ಟಿಗೆ ನುಡಿಯುವ ಕಾರ್ಡ್‌ಗಳು ನಿಮ್ಮ ಕೈಯಲ್ಲಿ ಈಗಾಗಲೇ ಇವೆ. ಗಿಟಾರಿನಲ್ಲಿ ಇಲ್ಲದ್ದು ಎರಡು: ಕೆಳಗಿನ ಬೇಸ್, ಮತ್ತೆ ಸಾಯದ ಸ್ವರ. ತಂತಿ ಮೀಟಿದ ಕ್ಷಣದಿಂದ ಅದರ ಸದ್ದು ಇಳೀತಾನೇ ಹೋಗುತ್ತೆ. ಡಿಸ್ಟಾರ್ಷನ್, ಕಂಪ್ರೆಸರ್ ಹಾಕಿ ನಾವು ಅದನ್ನ ಎಳೀತೀವಿ, ಅಷ್ಟೆ. ಸಿಂತ್‌ನಲ್ಲಿ ಬೆರಳು ಕೀ ಮೇಲಿರೋವರೆಗೂ ಸ್ವರ ನಿಲ್ಲಬಲ್ಲದು. ಅದು ಹೇಗೆ ಹುಟ್ಟಬೇಕು, ಎಷ್ಟಕ್ಕೆ ಇಳೀಬೇಕು, ಬೆರಳು ತೆಗೆದ ಮೇಲೆ ಎಷ್ಟು ಹೊತ್ತು ಇರಬೇಕು ಅನ್ನೋದನ್ನ ಎನ್ವಲಪ್ ಅನ್ನೋ ಭಾಗ ನಿರ್ಧರಿಸುತ್ತೆ. ವಾಲ್ಯೂಮ್ ಪೆಡಲ್ ತುಳಿದು ಸ್ವರ ಉಬ್ಬಿಸ್ತೀರಲ್ಲ, ಅದರ ಅಟ್ಯಾಕ್ ನಾಬ್ (ಸ್ವರ ಎಷ್ಟು ಬೇಗ ಏಳಬೇಕು ಅನ್ನೋದು) ಮಾಡೋದು ಅದೇ ಕೆಲಸ. ಸದ್ದಿನ ಹೊಳಪನ್ನು ಎಲ್ಲಿಂದ ಕತ್ತರಿಸಬೇಕು ಅನ್ನೋ ಫಿಲ್ಟರ್ ಕಟಾಫ್ ತಿರುಗಿಸಿ, ಆ ಕತ್ತರಿಸುವ ಜಾಗವನ್ನೇ ಎತ್ತಿ ತೋರಿಸುವ ರೆಸೊನೆನ್ಸ್ ಸ್ವಲ್ಪ ಏರಿಸಿದರೆ ವಾ ಪೆಡಲ್ ನೆನಪಾಗುತ್ತೆ. ಈ ಮೂರ್ನಾಲ್ಕು ನಾಬ್ ಕೈಗೆ ಬಂದ ಮೇಲೆ ಬೇರೆ ಯಾವ ಸಿಂತ್ ಮುಂದೆ ಕೂತರೂ ಗಾಬರಿ ಆಗಲ್ಲ.

ಗಿಟಾರಿನವರಿಗೆ ಬೇಸ್ ಬೇಕು ಅನ್ನೋದು ನಾನು ಕಂಡುಹಿಡಿದಿದ್ದಲ್ಲ. ರೋಲ್ಯಾಂಡ್ ಕಂಪನಿ ಎಂಬತ್ತರ ದಶಕದ ಶುರುವಿನಲ್ಲಿ ಟಿಬಿ-303 ಅನ್ನೋ ಪುಟ್ಟ ಬೆಳ್ಳಿ ಬಣ್ಣದ ಪೆಟ್ಟಿಗೆ ಮಾಡಿದ್ದೇ, ಬೇಸ್ ಗಿಟಾರಿನವರು ಜೊತೆಗಿಲ್ಲದೆ ಒಬ್ಬರೇ ಅಭ್ಯಾಸ ಮಾಡೋರಿಗೆ. ಅದರ ಪ್ರೋಗ್ರಾಮಿಂಗ್ ತಲೆನೋವು, ಬೇಸ್ ಗಿಟಾರಿನ ಸದ್ದೂ ಬರಲಿಲ್ಲ, 1984ಕ್ಕೆ ತಯಾರಿಕೆ ನಿಂತಿತು. ಆಮೇಲೆ ಷಿಕಾಗೋ ಹುಡುಗರು ಅದನ್ನು ಸೆಕೆಂಡ್ ಹ್ಯಾಂಡಲ್ಲಿ ಅಗ್ಗಕ್ಕೆ ಹಿಡಿದು ಆಸಿಡ್ ಹೌಸ್ ಅನ್ನೋ ಕುಣಿತದ ಸಂಗೀತ ಹುಟ್ಟಿಸಿದರು. ಅವರಿಗಿಂತ ಮುಂಚೆಯೇ, 1982ರಲ್ಲಿ, ಮುಂಬೈ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ ಅದೇ ಪೆಟ್ಟಿಗೆಯನ್ನೂ ಬಳಸಿ ರಾಗಗಳ ಒಂದು ಎಲ್‌ಪಿ ತಂದಿದ್ದರು. ಆಗ ಯಾರೂ ಹೆಚ್ಚು ಕೇಳಲಿಲ್ಲ, ಈಗ ಲೋಕವೆಲ್ಲ ಹುಡುಕುತ್ತೆ.

ಮೊನೊಲಾಗ್‌ನಲ್ಲೂ 16 ಹೆಜ್ಜೆಯ ಸೀಕ್ವೆನ್ಸರ್ (ತುಂಬಿಟ್ಟ ಸ್ವರಗಳನ್ನು ತಾನೇ ಸಾಲಾಗಿ ನುಡಿಸುವ ಭಾಗ) ಇದೆ, ಅದು ಅಷ್ಟು ಕಷ್ಟವಿಲ್ಲ. ಬೇಸ್ ಲೈನ್ ಒಂದನ್ನು ತುಂಬಿ ಓಡಲು ಬಿಟ್ಟರೆ ಎರಡೂ ಕೈ ಗಿಟಾರಿಗೆ ಬಿಡುವು. ಇನ್ನೊಂದು ನನಗೆ ತುಂಬ ಇಷ್ಟ: ಇರುವ 25 ಸಣ್ಣ ಕೀಗಳು ಹೆಚ್ಚಿನ ಸಣ್ಣ ಕೀಬೋರ್ಡ್‌ಗಳ ಹಾಗೆ ಸಿ ಇಂದ ಶುರುವಾಗಲ್ಲ, ಇ ಇಂದ ಇ ವರೆಗೆ. ಗಿಟಾರಿನ ಆರನೇ ತಂತಿಯ ಸ್ವರವೇ ಮೊದಲ ಕೀ. ಮೇಲೆ ಡಿಸ್ಟಾರ್ಷನ್‌ಗೆ ಡ್ರೈವ್ ಅಂತ ಒಂದು ನಾಬೂ ಇದೆ, ಅದರ ಮುಂದೆ ಯಾವ ಗಿಟಾರಿಸ್ಟ್ ಕೈ ಸುಮ್ಮನಿರುತ್ತೆ ಹೇಳಿ.

ಕೀ ನುಡಿಸೋಕೆ ಬರಲ್ಲ ಅಂದಿರಿ. ಐದನೇ ಫ್ರೆಟ್‌ನಲ್ಲಿ ಹಿಡಿಯುವ ಐದು ಸ್ವರಗಳ ಎ ಮೈನರ್ ಪೆಂಟಟೋನಿಕ್ ಗೊತ್ತಲ್ಲ? ಎ, ಸಿ, ಡಿ, ಇ, ಜಿ, ಎಲ್ಲಾ ಬಿಳಿ ಕೀಗಳೇ. ಹನ್ನೆರಡನೇ ಫ್ರೆಟ್‌ನ ಇ ಮೈನರ್, ಹತ್ತನೆಯದರ ಡಿ ಮೈನರ್, ಅವೂ ಬಿಳಿಯವೇ. ಕರಿ ಕೀ ಮುಟ್ಟದೆ ಕೆಲವು ತಿಂಗಳು ಕಳೀಬಹುದು. ಮನೇಲಿ ಯಾರಾದರೂ ಸಂಗೀತ ಕಲಿತವರಿದ್ದರೆ, ಇದು ಶುದ್ಧ ಧನ್ಯಾಸಿ ರಾಗ ಅಲ್ವಾ ಅಂತ ಒಳಗಿಂದಲೇ ಕೂಗ್ತಾರೆ. ಪಿಚ್ ಬೆಂಡ್‌ಗೆ ಎಡಗಡೆ ಒಂದು ಸ್ಲೈಡರ್ ಇದೆ. ತಂತಿ ಎಳೆದು ರೂಢಿಯಾದ ಕಿವಿಗೆ ಎಲ್ಲಿ ನಿಲ್ಲಿಸಬೇಕು ಅಂತ ತಾನಾಗೇ ಗೊತ್ತಾಗುತ್ತೆ. ಹತ್ತು ವರ್ಷ ಪಿಯಾನೊ ಕಲಿತವರಿಗಿಂತ ನಮ್ಮ ಬೆಂಡ್‌ಗಳೇ ಚೆನ್ನ.

ಬೇರೆ ಆಯ್ಕೆಗಳೂ ಇವೆ. ದುಡ್ಡು ಕಮ್ಮಿ ಇದ್ದರೆ ಕೊರ್ಗ್ ವೋಲ್ಕಾ ಕೀಸ್: ಮೂರು ಸ್ವರ, ಒಳಗೇ ಡಿಲೇ, ಸ್ಪೀಕರ್. ಫಿಫ್ತ್ ಅಂತ ಒಂದು ಮೋಡ್ ಹಾಕಿದರೆ ಒಂದೇ ಬೆರಳಲ್ಲಿ ಪವರ್ ಕಾರ್ಡ್. ಆದರೆ ಕೀಗಳು ಒತ್ತುವಂಥವಲ್ಲ, ಮುಟ್ಟುವ ಪಟ್ಟಿ. ಕಟ್ಟಿದ ಸೌಂಡನ್ನು ಅದು ನೆನಪಿಟ್ಟುಕೊಳ್ಳೋದೂ ಇಲ್ಲ, ಫೋನಲ್ಲಿ ನಾಬ್‌ಗಳ ಫೋಟೊ ತೆಗೆದಿಟ್ಟುಕೊಳ್ಳಬೇಕು. ಆರ್ಟೂರಿಯಾ ಮೈಕ್ರೊಫ್ರೀಕ್ ವಿಚಿತ್ರ ಸೌಂಡ್‌ಗಳ ಗಣಿ, ಆದರೆ ಹೊಸದು ನಿಮ್ಮ ಲೆಕ್ಕ ಮೀರಬಹುದು. ಲ್ಯಾಪ್‌ಟಾಪ್ ಇದ್ದರೆ ಸರ್ಜ್ ಎಕ್ಸ್‌ಟಿ, ವೈಟಲ್ ಅನ್ನೋ ಸಾಫ್ಟ್‌ವೇರ್ ಸಿಂತ್‌ಗಳು ಎರಡೂ ಪುಕ್ಕಟೆ ಸಿಗುತ್ತವೆ. ಸಿಂತ್ ನನಗೆ ಒಗ್ಗುತ್ತಾ ಅಂತ ಅನುಮಾನ ಇದ್ದರೆ ಮೊದಲು ಅವುಗಳಲ್ಲಿ ಆಡಿ ನೋಡಿ.

ಇನ್ನು ಆಂಪ್ ವಿಷಯ. ಸಿಕ್ಕಿಸಬಹುದು, ಮೊನೊಲಾಗ್‌ಗೆ ನಿಮ್ಮ ಗಿಟಾರ್ ಕೇಬಲ್ಲೇ ಸಾಕು. ಆದರೆ ಸಿಂತ್‌ನಿಂದ ಬರೋದು ಲೈನ್ ಲೆವೆಲ್, ಗಿಟಾರ್ ಪಿಕಪ್‌ಗಿಂತ ಜೋರು. ವಾಲ್ಯೂಮ್ ಸೊನ್ನೆಯಿಂದ ನಿಧಾನವಾಗಿ ಏರಿಸಿ. ಗಿಟಾರಿನ ದಪ್ಪ ತಂತಿ ಸುಮಾರು 82 ಹರ್ಟ್ಜ್, ಸಿಂತ್ ಬೇಸ್ ಅದರ ಅರ್ಧಕ್ಕೆ, 41ಕ್ಕೆ ಇಳಿಯುತ್ತೆ. ಸಣ್ಣ ಪ್ರಾಕ್ಟೀಸ್ ಆಂಪ್ ಸ್ಪೀಕರ್ ಅದನ್ನ ನುಡಿಸಲ್ಲ, ಬರೀ ಗೊರಗೊರ. ಗಿಟಾರ್ ಸ್ಪೀಕರ್ ಮೇಲಿನ ತೀಕ್ಷ್ಣ ಸದ್ದಿನ ಮಿಂಚನ್ನೂ ನುಂಗುತ್ತೆ. ಮನೇಲಿ ಒಳ್ಳೆ ಹೆಡ್‌ಫೋನ್ ಹಾಕಿ ಕೇಳಿ, ಆಂಪ್ ಯಾವಾಗಲಾದರೂ ರುಚಿಗೆ ಇರಲಿ. ಡಿಲೇ, ರಿವರ್ಬ್ ಪೆಡಲ್‌ಗಳನ್ನ ಮಾತ್ರ ಧಾರಾಳವಾಗಿ ನಡುವೆ ಹಾಕಿ.

ಸೆಕೆಂಡ್ ಹ್ಯಾಂಡ್ ಕೊಳ್ಳೋದಾದರೆ ಕೊರಿಯರ್ ನಂಬಬೇಡಿ, ಬೆಂಗಳೂರಿಗೇ ರೈಲು ಹತ್ತಿ ಹೋಗಿ ಕಣ್ಣಾರೆ ನೋಡಿ. ಹೆಡ್‌ಫೋನ್ ಜೊತೆಗಿರಲಿ. ಸ್ವರವೊಂದನ್ನು ಹಿಡಿದುಕೊಂಡು ಪ್ರತಿ ನಾಬನ್ನೂ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸಿ. ಕರಕರ ಅಂದರೆ, ಸೌಂಡ್ ಜಿಗಿದರೆ, ಒಳಗೆ ಧೂಳು ಕೂತಿದೆ ಅಂತ. ಬೆಂಡ್ ಸ್ಲೈಡರ್ ಬಿಟ್ಟಾಗ ಶ್ರುತಿ ಸರಿಯಾಗಿ ಜಾಗಕ್ಕೆ ಬರುತ್ತಾ ನೋಡಿ. ಅಡಾಪ್ಟರ್ ಇದೆಯಾ ಕೇಳಿ, ಮೊನೊಲಾಗ್ ಜೊತೆ ಅದು ಬರಲ್ಲ, ಬೇರೆ ಕೊಳ್ಳಬೇಕು (ಆರು ಎಎ ಸೆಲ್ ಹಾಕಿದರೂ ಓಡುತ್ತೆ, ಕರೆಂಟ್ ಹೋದ ಸಂಜೆಗೆ ಅನುಕೂಲ). ನಿಮ್ಮ ಪೆಡಲ್‌ಗಳ 9 ವೋಲ್ಟ್ ಅಡಾಪ್ಟರನ್ನು ಮಾತ್ರ ಯಾವ ಕಾರಣಕ್ಕೂ ಚುಚ್ಚಬೇಡಿ. ಪೆಡಲ್‌ಗಳದ್ದು ಸಾಮಾನ್ಯವಾಗಿ ನಡುಪಿನ್ ಮೈನಸ್, ಕೊರ್ಗ್‌ನದ್ದು ನಡುಪಿನ್ ಪ್ಲಸ್.