ಓದುಗರ ಪ್ರಶ್ನೆ, ನಮ್ಮ ಉತ್ತರ: ಯುದ್ಧಕಾಲದ ಗಳಿಕೆ ಯಾರಿಗೆ, ಕಷ್ಟ ಯಾರಿಗೆ?

ಪ್ರಶ್ನೆ: ಯುದ್ಧ ಬಂದಾಗ ದೇಶ ಒಂದಾಗುತ್ತದೆ, ಕಾರ್ಖಾನೆ, ರಸ್ತೆ, ವಿಜ್ಞಾನ ಎಲ್ಲವೂ ಬೆಳೆಯುತ್ತವೆ ಎಂದು ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಒಬ್ಬರು ವಾದಿಸಿದರು. ಮನೆಯ ಹಿರಿಯರು ಮಾತ್ರ 1962 ಮತ್ತು 1965ರ ಮಾತು ಬಂದರೆ ಅಕ್ಕಿ, ಸಕ್ಕರೆಗೆ ಪಟ್ಟ ಪಾಡನ್ನೇ ಹೇಳುತ್ತಾರೆ. ಆಗಷ್ಟೇ ಸ್ವತಂತ್ರವಾಗಿದ್ದ ದೇಶಕ್ಕೆ ಯುದ್ಧದಿಂದ ಆದದ್ದು ಲಾಭವೋ ನಷ್ಟವೋ?
(ವಿದ್ಯಾರ್ಥಿನಿ, ಪೊನ್ನಂಪೇಟೆ)

ಉತ್ತರ: ನಿಮ್ಮ ಸಹಪಾಠಿಯ ಮಾತೂ ನಿಜ, ಹಿರಿಯರ ಮಾತೂ ನಿಜ. ಆದರೂ ಒಂದನ್ನು ಇನ್ನೊಂದರಿಂದ ಕಳೆದು ಉಳಿಕೆಯನ್ನು ಲಾಭ ಅಥವಾ ನಷ್ಟ ಎಂದು ಬರೆಯಲು ಬರುವುದಿಲ್ಲ. ಕಷ್ಟ ಉಂಡವರೇ ಬೇರೆ, ಫಲ ಉಂಡವರೇ ಬೇರೆಯಾಗಿರುವಾಗ ಇಬ್ಬರ ಲೆಕ್ಕವನ್ನೂ ಒಂದೇ ಪುಟದಲ್ಲಿ ಕೂಡಿಸುವುದು ನ್ಯಾಯವಲ್ಲ.

ನಮ್ಮ ಕೊಡಗು ಜಿಲ್ಲೆಯ ಕಾಫಿಯನ್ನೇ ನೋಡಿ. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋಗಿ ಬೆಳೆದ ಕಾಫಿಯನ್ನು ಕೊಳ್ಳುವವರಿಲ್ಲದಂತಾದಾಗ 1940ರಲ್ಲಿ ಸರಕಾರವು ಕಾಫಿ ಮಾರುಕಟ್ಟೆ ವಿಸ್ತರಣಾ ಮಂಡಳಿಯನ್ನು ರಚಿಸಿತು. 1942ರ ಕಾಯ್ದೆಯು ಅದಕ್ಕೆ ಭದ್ರವಾದ ನೆಲೆ ಕೊಟ್ಟಿತು. ಬೆಳೆಗಾರ ಮನೆಬಳಕೆಗೆ ಮತ್ತು ಬೀಜಕ್ಕೆಂದು ಅನುಮತಿ ಇದ್ದಷ್ಟನ್ನು ಇಟ್ಟುಕೊಂಡು, ಉಳಿದಂತೆ ಹಣ್ಣಿನ ತಿರುಳು ತೆಗೆದು ಒಣಗಿಸಿದ ಪಾರ್ಚ್‌ಮೆಂಟನ್ನೂ ಹಣ್ಣನ್ನೇ ಒಣಗಿಸಿದ ಚೆರ್ರಿಯನ್ನೂ ಪೂಲಿಗೆ, ಅಂದರೆ ಎಲ್ಲರ ಕಾಫಿಯನ್ನು ಕೂಡಿಸಿ ಮಾರುವ ಮಂಡಳಿಯ ಸಂಗ್ರಹಕ್ಕೆ, ಒಪ್ಪಿಸಬೇಕಾಗಿತ್ತು. ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಮಾಲು ಸೇರಿದಾಗ ಮುಂಗಡ ಸಿಗುತ್ತಿತ್ತು, ಬಾಕಿ ಹಣ ಮಾರಾಟವಾದಂತೆಲ್ಲ ಕಂತುಕಂತಾಗಿ ಬರುತ್ತಿತ್ತು. ಕಂತು ತಡವಾಗುತ್ತದೆಂಬ ದೂರು ಎಂದೂ ತಪ್ಪಲಿಲ್ಲ. ಆದರೂ ಸಣ್ಣ ಬೆಳೆಗಾರ ದಲ್ಲಾಳಿಯ ಮುಂದೆ ಕೈಕಟ್ಟಿ ನಿಲ್ಲುವುದು ತಪ್ಪಿತು. ಯುದ್ಧ ಮುಗಿದು, ದೇಶ ಸ್ವತಂತ್ರವಾಗಿ, 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಈ ವ್ಯವಸ್ಥೆ 1990ರ ದಶಕದ ನಡುಭಾಗದವರೆಗೆ ನಡೆಯಿತು. ಅದೇ ಯುದ್ಧದಲ್ಲಿ ಜಪಾನು ಬರ್ಮಾವನ್ನು ಹಿಡಿದು ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು, ಬೆಲೆ ಕೈಮೀರಿತು, ಸರಕಾರವು ಸೇನೆಯ ಅಗತ್ಯಕ್ಕೆ ಮೊದಲ ಮಣೆ ಹಾಕಿತು, ಮತ್ತು 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತರು. ನಮ್ಮ ಕಾಫಿಗೆ ಬಂದ ಭದ್ರತೆಯನ್ನು ತೋರಿಸಿ ಆ ಸಾವುಗಳಿಗೆ ಸಮಾಧಾನ ಹೇಳಲು ಯಾರಿಗೆ ಬಾಯಿ ಬಂದೀತು?

ಸ್ವಾತಂತ್ರ್ಯದ ನಂತರದ ಯುದ್ಧಗಳಲ್ಲಿಯೂ ಇದೇ ಬಗೆಯ ಹಂಚಿಕೆ ಕಾಣುತ್ತದೆ. ಚೀನಾದ ಎದುರು 1962ರಲ್ಲಿ ಆದ ಸೋಲಿನ ಮೇಲೆ ರಕ್ಷಣಾ ವೆಚ್ಚವು ರಾಷ್ಟ್ರೀಯ ಉತ್ಪನ್ನದ ಸುಮಾರು ಶೇ. 2ರಿಂದ ಶೇ. 4ರ ಹತ್ತಿರಕ್ಕೆ ಏರಿತು. ಸೇನೆಯಲ್ಲಿ ಹೊಸ ಪರ್ವತ ಡಿವಿಷನ್‌ಗಳು ಹುಟ್ಟಿದವು, 1964ರಲ್ಲಿ ಬೆಂಗಳೂರಿನಲ್ಲಿ ಭಾರೀ ಯಂತ್ರಗಳನ್ನು ತಯಾರಿಸುವ ಬಿಇಎಂಎಲ್ ಸ್ಥಾಪನೆಯಾಯಿತು, ಸಾವಿರಾರು ಕುಟುಂಬಗಳಿಗೆ ಕಾಯಂ ಕೆಲಸ ಸಿಕ್ಕಿತು. ಇತ್ತ 1963ರ ಜನವರಿಯಲ್ಲಿ ಬಂದ ಚಿನ್ನದ ನಿಯಂತ್ರಣ ನಿಯಮವು 14 ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧತೆಯ ಹೊಸ ಒಡವೆ ಮಾಡುವುದನ್ನು ನಿಷೇಧಿಸಿತು. ಪತ್ತಾಕ್, ಜೋಮಾಲೆಯಂಥ ಚಿನ್ನದ ಒಡವೆ ಇಲ್ಲದೆ ಮದುವೆಯನ್ನು ಊಹಿಸಿಕೊಳ್ಳಲಾಗದ ನಮ್ಮ ನಾಡಿನಲ್ಲಿ ಇದರ ಅರ್ಥವೇನೆಂದು ಹೇಳಬೇಕಾಗಿಲ್ಲ. ಒಡವೆಗಾಗಿ ಕಾಯುವವರು ಹೇಗೋ ಕಾದಾರು. ಆದರೆ ಆ ಕಡಿಮೆ ಶುದ್ಧತೆಯ ಗಡಸು ಚಿನ್ನವು ಸೂಕ್ಷ್ಮವಾದ ಕುಸುರಿಗೆ ಒಗ್ಗದೆ, ಗಿರಾಕಿಯೂ ಬಾರದೆ, ಬೇರೆ ವಿದ್ಯೆಯೂ ಗೊತ್ತಿಲ್ಲದೆ ದೇಶದ ಉದ್ದಗಲಕ್ಕೂ ಅಕ್ಕಸಾಲಿಗರು ಕಸುಬು ಕಳೆದುಕೊಂಡರು. ಚೀನಾದ ಗಡಿಯನ್ನು ಕಾಯಲು ಬೇಕಾದ ಹಣದ ಒಂದು ಭಾಗವನ್ನು ಅವರ ಕುಲುಮೆಯಿಂದ ತೆಗೆಯಲಾಯಿತು ಎಂದೇ ನಾನು ಇದನ್ನು ಓದುತ್ತೇನೆ.

ಪಾಕಿಸ್ತಾನದೊಂದಿಗೆ ಯುದ್ಧವಾದ 1965 ಇನ್ನೂ ಕಠಿಣ. ಆ ವರ್ಷ ಮಳೆ ಕೈಕೊಟ್ಟಿತು, ಯುದ್ಧದ ಕಾರಣಕ್ಕೆ ಅಮೆರಿಕ ನೆರವು ತಡೆಹಿಡಿಯಿತು, ಹಿಂದಿನ ವರ್ಷ ಸುಮಾರು 8.9 ಕೋಟಿ ಟನ್ ಇದ್ದ ಆಹಾರಧಾನ್ಯದ ಉತ್ಪಾದನೆ 1965–66ರಲ್ಲಿ 7.2 ಕೋಟಿ ಟನ್ನಿಗೆ ಕುಸಿಯಿತು. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ಜನರನ್ನು ಕೇಳಿಕೊಂಡರು. ನಿಮ್ಮ ಹಿರಿಯರ ನೆನಪು ಈ ಕಾಲದ್ದು. 1966ರ ಜೂನ್‌ನಲ್ಲಿ ಒಂದು ಡಾಲರಿಗೆ 4.76 ಇದ್ದ ರೂಪಾಯಿ 7.50ಕ್ಕೆ ಇಳಿಯಿತು, ನಾಲ್ಕನೆಯ ಪಂಚವಾರ್ಷಿಕ ಯೋಜನೆಯನ್ನು ಮೂರು ವರ್ಷ ಮುಂದೂಡಬೇಕಾಯಿತು. ಆ ಮೂರು ವರ್ಷದಲ್ಲಿ ಆಗಬೇಕಾಗಿದ್ದು ಆಗದೆ ಉಳಿದ ಶಾಲೆ, ಆಸ್ಪತ್ರೆ, ಕಾಲುವೆಗಳನ್ನು ಯಾವ ಸ್ಮಾರಕವೂ ನೆನೆಸುವುದಿಲ್ಲ.

ಮತ್ತೆ, ಆ ವರ್ಷ ಗದ್ದೆಯ ನಾಟಿ ಮುಗಿದು ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬರುವ ಸೆಪ್ಟೆಂಬರ್ ಮೊದಲ ವಾರದಲ್ಲಿಯೇ ಯುದ್ಧ ಭುಗಿಲೆದ್ದಿತು. ತೋಕಿಗೆ (ಕೋವಿಗೆ) ಹೂವಿಟ್ಟು ಪೂಜಿಸುವ ದಿನಗಳಲ್ಲಿ ಎಷ್ಟೋ ಮನೆಯ ಗಂಡಸರು ಗಡಿಯಲ್ಲಿದ್ದರು. ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೊರಟ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು ತಮ್ಮ ಮಿಸ್ಟೇರ್ ವಿಮಾನದಲ್ಲಿ ಅದಕ್ಕಿಂತ ಎಷ್ಟೋ ವೇಗದ ಶತ್ರುವಿಮಾನ ಸ್ಟಾರ್‌ಫೈಟರನ್ನು ಹೊಡೆದುರುಳಿಸಿ ತಾವೂ ಮರಳಲಿಲ್ಲ. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷಗಳ ನಂತರ. ಆ ಅವಧಿಯನ್ನು ಒಂದು ಸಂಸಾರ ಹೇಗೆ ಕಳೆದಿರಬಹುದೆಂದು ಯೋಚಿಸಿದರೆ ‘ರಾಷ್ಟ್ರದ ಲಾಭ’ ಎಂಬ ಮಾತನ್ನು ಬಳಸುವ ಮೊದಲು ನಾವು ಒಂದು ಕ್ಷಣ ನಿಲ್ಲಬೇಕಾಗುತ್ತದೆ.

ಪ್ರಶ್ನೆ: ಯುದ್ಧದ ಒತ್ತಡ ಬೀಳದಿದ್ದರೆ ನಮ್ಮ ದೇಶ ಇಷ್ಟು ಬೇಗ ಎಚ್ಚೆತ್ತುಕೊಳ್ಳುತ್ತಿತ್ತೇ?
(ನಿವೃತ್ತ ಯೋಧ, ವಿರಾಜಪೇಟೆ)

ಉತ್ತರ: ಒತ್ತಡವು ಕೆಲಸವನ್ನು ಚುರುಕುಗೊಳಿಸುತ್ತದೆ ಎಂಬುದನ್ನು ಸೇನೆಯಲ್ಲಿದ್ದ ತಾವು ನನಗಿಂತ ಚೆನ್ನಾಗಿ ಬಲ್ಲಿರಿ. ಆದರೆ ಮೊದಲೇ ಕಲಿತ ಕೈಗಳಿಲ್ಲದ ಕಡೆ ಒತ್ತಡವು ಗೊಂದಲವನ್ನಷ್ಟೇ ಹುಟ್ಟಿಸುತ್ತದೆ. ಕಾಶ್ಮೀರದ ಯುದ್ಧದಲ್ಲಿ 1948ರ ನವೆಂಬರ್ 1ರಂದು ನಮ್ಮ ಜನರಲ್ ತಿಮ್ಮಯ್ಯನವರು 11,000 ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಎದುರಾಳಿಯನ್ನು ದಂಗುಬಡಿಸಿದ ಕಥೆ ಕೊಡಗಿನಲ್ಲಿ ಮನೆಮಾತು. ಬಾಲ್ತಾಲ್‌ನಿಂದ ಮೇಲಕ್ಕೆ ಹೇಸರಗತ್ತೆ ಮಾತ್ರ ನಡೆಯಬಲ್ಲ ಕಾಲುದಾರಿಯನ್ನು, ಗುಂಡಿನ ನಡುವೆ, ಟ್ಯಾಂಕು ಹೋಗುವಷ್ಟು ಅಗಲ ಮಾಡಿಕೊಟ್ಟವರು ಬೆಂಗಳೂರಿನಲ್ಲಿ ನೆಲೆಯಿರುವ, ಸೇನೆಗೆ ದಾರಿ, ಸೇತುವೆ ಕಟ್ಟಿಕೊಡುವ ಮದ್ರಾಸ್ ಸ್ಯಾಪರ್ಸ್ ಪಡೆಯವರು. ತಲೆಮಾರುಗಳ ತರಬೇತಿ ಆ ಪಡೆಯ ಬೆನ್ನಿಗಿತ್ತು.

ಗೋಧಿಯ ಕಥೆಯೂ ಅಂಥದೇ. ಆಗಿನ ಕೃಷಿ ಸಚಿವ ಸಿ. ಸುಬ್ರಮಣ್ಯಂ ಅವರು 1966ರಲ್ಲಿ ಮೆಕ್ಸಿಕೊದಿಂದ 18,000 ಟನ್ ಬಿತ್ತನೆ ಬೀಜ ತರಿಸಿದ್ದು ಆಹಾರದ ಬಿಕ್ಕಟ್ಟಿನ ನಡುವೆ ನಿಜ. ಆದರೆ ಅಮೆರಿಕದ ಕೃಷಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಭಾರತಕ್ಕೆ ಬಂದದ್ದು, ಅವರ ಗಿಡ್ಡ ಗೋಧಿ ತಳಿಗಳನ್ನು ನಮ್ಮ ವಿಜ್ಞಾನಿಗಳು ಪರೀಕ್ಷೆಗೆ ಹಚ್ಚಿದ್ದು 1963ರಲ್ಲಿ, ಅಂದರೆ ಯುದ್ಧಕ್ಕೆ ಎರಡು ವರ್ಷ ಮೊದಲು. ಹಾಗಾಗಿಯೇ 1967–68ರಲ್ಲಿ ಗೋಧಿಯ ಉತ್ಪಾದನೆ ಒಂದೂವರೆ ಕೋಟಿ ಟನ್ ದಾಟಿತು. ಎಚ್‌ಎಎಲ್ 1940ರಲ್ಲಿ ಮಹಾಯುದ್ಧದ ಗಡಿಬಿಡಿಯಲ್ಲಿ ಹುಟ್ಟಿದರೂ ಸ್ವಂತವಾಗಿ ವಿನ್ಯಾಸ ಮಾಡಿದ ಎಚ್‌ಟಿ–2 ತರಬೇತಿ ವಿಮಾನವನ್ನು 1951ರ ಶಾಂತಿಯ ಕಾಲದಲ್ಲಿ ಹಾರಿಸಿತು. ಖರಗ್‌ಪುರದ ಐಐಟಿ, ಎಲೆಕ್ಟ್ರಾನಿಕ್ ಉಪಕರಣಗಳ ಬಿಇಎಲ್, ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಗಡಿ ರಸ್ತೆಗಳ ಸಂಸ್ಥೆ, ಇವೆಲ್ಲವೂ 1962ಕ್ಕೆ ಮೊದಲೇ ಇದ್ದವು. ಆದ್ದರಿಂದ ನಮ್ಮನ್ನು ಎಚ್ಚರಿಸಲು ಯುದ್ಧವೇ ಬೇಕೆಂಬ ಮಾತನ್ನು ನಾನು ಒಪ್ಪಲಾರೆ. 1962ರಲ್ಲಿ ಚಳಿಗೆ ತಕ್ಕ ಬಟ್ಟೆಯಿಲ್ಲದೆ ಹಿಮದಲ್ಲಿ ನಿಂತ ಯೋಧರು ಮೊದಲೇ ಸಿದ್ಧವಾಗಿರಬೇಕೆಂಬ ಪಾಠಕ್ಕೆ ತೆತ್ತ ಶುಲ್ಕ ಬಹಳ ದುಬಾರಿಯಾಯಿತು.

ಪ್ರಶ್ನೆ: 1971ರ ಯುದ್ಧದ ಬಗ್ಗೆ ಮಕ್ಕಳಿಗೆ ಪ್ರಾಜೆಕ್ಟ್ ಕೊಡಬೇಕೆಂದಿದ್ದೇನೆ. ಗೆಲುವಿನ ಚಿತ್ರಗಳ ಜೊತೆಗೆ ಜನಜೀವನದ ಮಾಹಿತಿ ಎಲ್ಲಿಂದ ತರಿಸಲಿ?
(ಶಿಕ್ಷಕಿ, ನಾಪೋಕ್ಲು)

ಉತ್ತರ: ಅಂಚೆಚೀಟಿಯಿಂದ ಆರಂಭಿಸಿ. ಪೂರ್ವ ಪಾಕಿಸ್ತಾನದಿಂದ ಬಂದ ಸುಮಾರು ಒಂದು ಕೋಟಿ ನಿರಾಶ್ರಿತರ ಪರಿಹಾರಕ್ಕೆಂದು 1971ರ ನವೆಂಬರ್‌ನಿಂದ ಪತ್ರಗಳಿಗೆ 5 ಪೈಸೆಯ ಹೆಚ್ಚುವರಿ ಚೀಟಿ ಅಂಟಿಸಬೇಕಾಗಿತ್ತು. ಮನೆಗಳ ಹಳೆಯ ಕಾಗದದ ಕಟ್ಟುಗಳಲ್ಲಿ ಅದು ಈಗಲೂ ಸಿಕ್ಕೀತು. ಮರುವರ್ಷದ ಬರ ಮತ್ತು 1973ರ ತೈಲದ ಬಿಕ್ಕಟ್ಟಿನಿಂದ ಬೆಲೆಗಳು ಏರಿದ್ದನ್ನೂ ಅದರ ಜೊತೆಗೇ ವಿವರಿಸಿ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ, ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ಊರಿನ ಮಾಜಿ ಯೋಧರೊಂದಿಗೆ ಮಾತನಾಡಿಸಿದ ಹಾಗೆಯೇ ಅವರ ಮನೆಯ ಹೆಂಗಸರನ್ನೂ ಮಾತನಾಡಿಸಲು ಹೇಳಿ: ಗಂಡಸರು ಗಡಿಯಲ್ಲಿದ್ದ ತಿಂಗಳುಗಳಲ್ಲಿ ಗದ್ದೆಯ ಕೊಯ್ಲು ಮಾಡಿಸಿದವರು ಯಾರು, ತೋಟದ ಆಳುಗಳಿಗೆ ಕೂಲಿ ಹೇಗೆ ಹೊಂದಿಸಿದರು, ಮನಿಯಾರ್ಡರ್ ತಡವಾದಾಗ ಯಾರಲ್ಲಿ ಕೈಗಡ ಕೇಳಿದರು ಎಂಬ ಪ್ರಶ್ನೆಗಳನ್ನು ಮೊದಲೇ ಬರೆದುಕೊಂಡು ಹೋಗಲಿ.