ಸಾಲವಿದ್ದಾಗ ದಶಮಾಂಶ: ಪ್ರತಿಕ್ರಿಯೆ

ಕೈಸಾಲ ಮಾಡಿಯಾದರೂ ತಿಂಗಳ ಕೊನೆಗೆ ಚರ್ಚಿಗೆ ದಶಮಾಂಶ (ಆದಾಯದ ಹತ್ತನೇ ಒಂದು ಪಾಲು) ಕೊಡುತ್ತೀರಿ, ಆದರೂ ಸಂತೋಷವಿಲ್ಲ ಎಂದಿದ್ದೀರಿ. ಅದನ್ನು ತೆರಿಗೆಯಂತೆ ಕಟ್ಟುತ್ತಿರುವುದೇ ಕಾರಣವಿರಬೇಕು. ಬೈಬಲಿನ 2 ಕೊರಿಂಥ 9:7ರಲ್ಲಿ, ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ, ಅಪೊಸ್ತಲ ಪೌಲನು ಶೇಕಡಾ ಲೆಕ್ಕ ಹೇಳುವುದಿಲ್ಲ. ಮನಸ್ಸಿನಲ್ಲಿ ಮೊದಲೇ ನಿಶ್ಚಯಿಸಿ, ಒತ್ತಾಯವಿಲ್ಲದೆ ಕೊಡಿ ಅನ್ನುತ್ತಾನೆ. ಅದೇ ಪತ್ರದ 8:12ರ ಪ್ರಕಾರ ಕೊಡುವುದರ ಅಳತೆ ಇದ್ದುದಕ್ಕೆ ಮಾತ್ರ, ಇಲ್ಲದ್ದಕ್ಕಲ್ಲ. ಸಾಲ ತಂದು ಕಾಣಿಕೆ ಹಾಕುವುದನ್ನು ಈ ತಿಂಗಳೇ ನಿಲ್ಲಿಸಿ.

ಸಂಬಳ ಬಂದ ದಿನ ಬಾಡಿಗೆ, ರೇಷನ್, ಸಾಲದ ಕಂತು, ಅಪ್ಪ ಅಮ್ಮನ ಔಷಧಿ ಮೊದಲು ಬರೆದುಕೊಳ್ಳಿ. ಹೆತ್ತವರಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’ (ದೇವರಿಗೆ ಅರ್ಪಿತ) ಎಂದು ದೇವರ ಹೆಸರಿಗೆ ತಿರುಗಿಸಿದವರನ್ನು ಯೇಸು ಖಂಡಿಸಿದ್ದು ಮಾರ್ಕ 7ರಲ್ಲಿದೆ, ದಯವಿಟ್ಟು ಓದಿ. ಆಮೇಲೆ ಮನೆಯವರ ಜೊತೆ ಕೂತು ಪ್ರಾರ್ಥಿಸಿ ಮೊತ್ತ ಗೊತ್ತುಮಾಡಿ. 300 ರೂಪಾಯಿ ಆದರೂ ಸರಿ. ಅದನ್ನು ಅಂದೇ ಕವರಿಗೆ ಹಾಕಿಡಿ. ಕೊನೆಗೆ ಬಿಟ್ಟರೆ ಉಳಿಯುವುದೂ ಇಲ್ಲ, ಕೈಯೂ ಬಿಗಿಯಾಗುತ್ತದೆ. 1 ಕೊರಿಂಥ 16:2ರಲ್ಲೂ ವಾರವಾರ ತೆಗೆದಿಡುವ ಕ್ರಮವೇ ಇರುವುದು.

ಪೂರ್ತಿ ಕಾಣಿಕೆ ಚೀಲಕ್ಕೇ ಹೋಗಬೇಕೆಂದಿಲ್ಲ. ಧರ್ಮೋಪದೇಶಕಾಂಡ 14:28-29ರಲ್ಲಿ ಮೂರನೆಯ ವರ್ಷದ ದಶಮಾಂಶ ದೇವರ ಸೇವೆಗೆ ನೇಮಕವಾದ ಲೇವಿಯರ ಜೊತೆಗೆ ಪರದೇಶಿ, ಅನಾಥ, ವಿಧವೆಯರ ಊಟಕ್ಕೂ ಸಲ್ಲುತ್ತಿತ್ತು. ನಿಮ್ಮ ಬೀದಿಯಲ್ಲೇ ಅಂಥವರಿದ್ದರೆ ಒಂದು ಪಾಲು ಅವರಿಗೆ, ಸದ್ದಿಲ್ಲದೆ.

ದಶಮಾಂಶದ ಲೆಕ್ಕ ಒಟ್ಟು ಸಂಬಳದ ಮೇಲೋ, ಕೈಗೆ ಬಂದದ್ದರ ಮೇಲೋ ಎಂಬುದಕ್ಕೆ ಬೈಬಲಿನಲ್ಲಿ ನೇರ ಉತ್ತರವಿಲ್ಲ, ಚರ್ಚುಗಳಲ್ಲೂ ಒಮ್ಮತವಿಲ್ಲ. ನಿಮ್ಮ ಪಾಸ್ಟರಿಗೆ ಸಾಲದ ವಿಷಯ ಮುಚ್ಚಿಡದೆ ಹೇಳಿ ಕೇಳಿ. ಕಂತು ಮುಗಿದಂತೆ ಮೊತ್ತ ಏರಿಸಬಹುದು.